ಗೋಡೆಗೂ ತಲೆಗೂ ನಡುವೆ ಎರಡು ಬೆರಳು

ನಮ್ಮ ಬೀದರ ಕಡೆ ಆರಾಮ ಎಂಬ ಮಾತಿಗೆ ಎರಡು ಅರ್ಥ. ಮೈಯಲ್ಲಿ ರೋಗವಿಲ್ಲದೆ ಚೆನ್ನಾಗಿರುವುದೂ ಆರಾಮ, ಕೆಲಸ ಬಿಟ್ಟು ಅಡ್ಡಾಗುವುದೂ ಆರಾಮ. ಡಾಕ್ಟರು ರೋಗ ವಾಸಿ ಮಾಡಿದರೆ ಆರಾಮ ಮಾಡಿದರು ಅನ್ನುತ್ತೇವೆ, ಮಧ್ಯಾಹ್ನ ಉಂಡು ಮಲಗಿದರೂ ಆರಾಮ ಮಾಡಿದೆ ಅನ್ನುತ್ತೇವೆ. ಮಾತು ಒಂದೇ ಆದ್ದರಿಂದ ಎರಡೂ ಒಂದೇ ಎಂದು ನಮ್ಮ ಮನೆಯವರೆಲ್ಲ ನಂಬಿದ್ದೆವು. ಆ ನಂಬಿಕೆಯಿಂದಲೇ ನನ್ನ ಬೆನ್ನು ಎರಡು ಬೆರಳು ಮುಂದಕ್ಕೆ ಬಾಗಿತು.

ಮುಂಜಾನೆ ಹಾಸಿಗೆಯಲ್ಲಿ ಕಟ್ಟಿಗೆಯ ಹಾಗೆ ಬಿದ್ದುಕೊಂಡು, ಇದನ್ನು ಯಾರಿಗೆ ಹೇಗೆ ಹೇಳಲಿ ಎಂದು ತಿಳಿಯದೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿ. ರೋಗದ ಇಂಗ್ಲಿಷ್ ಹೆಸರು ಉದ್ದ, ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಬೆನ್ನೆಲುಬಿನ ಕೀಲುಗಳು ಉರಿದು, ಬಿಗಿದು, ಬರಬರುತ್ತ ಒಂದಕ್ಕೊಂದು ಬೆಸೆದುಕೊಳ್ಳುವ ವಾತ ಎಂದರೆ ಸಾಕು.

ನನ್ನ ಯಜಮಾನರ ಹೆಸರು ಶರಣಪ್ಪ. ಅವರಿದ್ದಾಗ ಆ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಮಾತ್ರ. ಈಗ ಬರೆಯುತ್ತೇನೆ, ಶರಣಪ್ಪ. ಅವರು ಗೌಂಡಿ, ಗೋಡೆ ಕಟ್ಟುವವರು. ಗೋಡೆಗೆ ಸಿಮೆಂಟು ಬಳಿದು ಗಿಲಾವು ಮುಗಿಸಿದ ಮೇಲೆ ಅದು ಬಿಗಿಯಿತೋ ಇಲ್ಲವೋ ನೋಡಲು ಬುಡದ ಮೂಲೆಯಲ್ಲಿ ಎರಡು ಬೆರಳು ಜೋಡಿಸಿ ಒತ್ತುತ್ತಿದ್ದರು. ಬೇರೆ ಗೌಂಡಿಗಳು ಆ ಗುಳಿಯನ್ನು ಆಮೇಲೆ ಸವರಿ ಮುಚ್ಚುತ್ತಾರೆ. ಇವರು ಬಿಟ್ಟುಬಿಡುತ್ತಿದ್ದರು. "ಇರ್ಲಿ ಬಿಡು, ಅದು ನನ್ನ ಸಹಿ" ಅನ್ನುತ್ತಿದ್ದರು. ಸಾಯಗಾಂವದ ನಮ್ಮ ಎರಡು ಖೋಲಿಯ ಮನೆಯನ್ನು ಕಟ್ಟಿದವರೂ ಅವರೇ. ಪಡಸಾಲೆಯ ಗೋಡೆಯ ಬುಡದಲ್ಲಿ, ನೀರಿನ ಕೊಡ ಇಡುವ ಜಾಗದ ಹಿಂದೆ, ಅವರ ಸಹಿ ಇದೆ.

ಮಳೆ ಸಾಲಾಗಿ ಕೈಕೊಟ್ಟ ವರ್ಷಗಳು ಬಂದವು. ಬರ ಎಂದರೆ ಹೊಲವಷ್ಟೇ ಒಣಗುತ್ತದೆ ಎಂದು ತಿಳಿದವರು ಇದ್ದಾರೆ. ಸಿಮೆಂಟು ಕಲಸಲಿಕ್ಕೂ ನೀರು ಬೇಕು, ಕಟ್ಟಿದ ಗೋಡೆಗೆ ಕುಡಿಸಲಿಕ್ಕೂ ನೀರು ಬೇಕು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುವ ಊರಲ್ಲಿ ಯಾರು ಮನೆ ಕಟ್ಟಿಸುತ್ತಾರೆ? ಗೌಂಡಿಗೆ ಕೆಲಸವಿಲ್ಲದಾಯಿತು. ಅತ್ತೆ ಕಾಶಮ್ಮ, ಅವರು, ನಾನು, ಮೂವರೂ ಬಾಗಿಲಿಗೆ ಕೀಲಿ ಹಾಕಿ ಹೈದರಾಬಾದಿಗೆ ಹೋದೆವು. ನಮಗೆ ಮಕ್ಕಳಿಲ್ಲ, ಹೋಗುವುದು ಸುಲಭವಿತ್ತು.

ಅಲ್ಲಿ ಅವರು ಇಟ್ಟಿಗೆ ಇಡುತ್ತಿದ್ದರು, ನಾನು ಬುಟ್ಟಿಯಲ್ಲಿ ಕಲಸಿದ ಮಾಲು ಹೊತ್ತು ಕೊಡುತ್ತಿದ್ದೆ. ಸೊಂಟದ ನೋವು ಶುರುವಾದದ್ದು ಅಲ್ಲಿ. ಆದರೆ ಅದು ವಿಚಿತ್ರ ನೋವು. ಮುಂಜಾನೆ ಏಳುವಾಗ ಮಗ್ಗುಲು ಬದಲಿಸಲಾಗದು, ಅತ್ತೆ ಕೈ ಕೊಟ್ಟು ಎಬ್ಬಿಸಬೇಕು. ಹತ್ತು ಬುಟ್ಟಿ ಹೊತ್ತ ಮೇಲೆ ಬೆನ್ನು ತಾನೇ ಸಡಿಲಾಗಿ, ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎಲ್ಲರಿಗಿಂತ ಚುರುಕಾಗಿ ಓಡಾಡುತ್ತಿದ್ದೆ. ಕೆಲಸ ಹಚ್ಚುವ ಮೇಸ್ತ್ರಿ ನಗಾಡುತ್ತಿದ್ದ.

"ಏ ಶರಣಪ್ಪ, ನಿನ್ನ ಹೇಣ್ತಿ ಮುಂಜಾನಿ ಮುದುಕಿ, ಮಧ್ಯಾಹ್ನ ಹುಡುಗಿ. ಮಧ್ಯಾಹ್ನದಕಿಗೇ ಕರ್ಕೊಂಡ್ ಬಾ, ಮುದುಕಿಗಿ ಮನ್ಯಾಗ ಬಿಡು."

ಹೆಂಗಸರೂ ನಕ್ಕರು. ನಾನೂ ನಕ್ಕೆ. ಕೆಲಸ ಮಾಡಿದರೆ ಕಡಿಮೆಯಾಗುವ ನೋವನ್ನು ನೋವು ಎಂದು ಯಾರಿಗೆ ಹೇಳುವುದು? ನಾನೇ ಸೋಗು ಹಾಕುತ್ತಿದ್ದೇನೋ ಎಂದು ನನಗೇ ಅನುಮಾನ ಬರುತ್ತಿತ್ತು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನೀವು ಹಾಗೆ ಮಾಡಬೇಡಿ.

ಕೊನೆಗೆ ಊರಿಗೆ ಮರಳಿದೆವು. ಭಾಲ್ಕಿಯಲ್ಲಿ ಒಬ್ಬ ಡಾಕ್ಟರು ನನ್ನ ಕೆಲಸ ಕೇಳಿದರು, ಬುಟ್ಟಿ ಹೊರುತ್ತೇನೆ ಅಂದೆ. "ಭಾರ ಹೊತ್ತು ಹಿಂಗಾಗ್ಯಾದ. ಒಂದ್ ತಿಂಗಳು ಪೂರಾ ಆರಾಮ ಮಾಡ್ರಿ" ಅಂದರು. ಅತ್ತೆ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದರು. ಪಡಸಾಲೆಯಲ್ಲಿ ಹೊರಸು ಹಾಕಿ, ಮೇಲೆ ಎರಡು ಕೌದಿ, ತಲೆಗೆ ಎರಡು ದಿಂಬು. "ನೀ ಏಳಬ್ಯಾಡ ಸುವರ್ಣಾ. ನೀರು ನಾ ತರ್ತೇನಿ, ರೊಟ್ಟಿ ನಾ ಬಡಿತೇನಿ. ನೀ ಸುಮ್ಮ ಆರಾಮ ಮಾಡು, ಆರಾಮ ಆಗ್ತೀ."

ಅತ್ತೆಗೆ ಆಗಲೇ ಅರವತ್ತು ದಾಟಿತ್ತು. ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡುತ್ತಿದ್ದರು, ನೂಕುನುಗ್ಗಲಿನಲ್ಲಿ ಬೈಸಿಕೊಳ್ಳುತ್ತಿದ್ದರು. ನಾನು ಮಲಗಿ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಒಂದು ತಿಂಗಳು ಇಡೀ ಬೇಸಿಗೆಯಾಯಿತು. ಆರಾಮ ಮಾಡಿದಷ್ಟೂ ಬೆನ್ನು ಬಿಗಿಯಿತು. ಬಿಗಿದಷ್ಟೂ ಅತ್ತೆ ಇನ್ನಷ್ಟು ಆರಾಮ ಮಾಡಿಸಿದರು. ಪ್ರೀತಿಯಿಂದ ಯಾರಾದರೂ ಕಟ್ಟಿಹಾಕಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಬೇಸಿಗೆಯ ಕೊನೆಗೆ ಒಂದು ದಿನ ಜಂತಿಯ ಮೇಲೆ ಹಲ್ಲಿ ಲೊಚಗುಟ್ಟಿತು. ಕೂತಿದ್ದವಳು ಅದನ್ನು ನೋಡಲು ಕತ್ತು ಎತ್ತಿದೆ. ಕತ್ತು ಏಳಲಿಲ್ಲ.

ಮರುವಾರ ಎಡಗಣ್ಣು ಕೆಂಡದ ಹಾಗೆ ಕೆಂಪಾಯಿತು. ಬೆಳಕು ಬಿದ್ದರೆ ಸೂಜಿ ಚುಚ್ಚಿದಂತೆ. ಯಜಮಾನರು ಬೀದರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಕಣ್ಣು ನೋಡಿ, ಹನಿ ಬರೆದುಕೊಟ್ಟು, ನಾವು ಬಾಗಿಲಿಗೆ ಹೋಗುವಾಗ ಹಿಂದಿನಿಂದ ಕೇಳಿದರು, "ಬಾಯಿ, ಮುಂಜಾನಿ ಎದ್ದಾಗ ನಿಮ್ಮ ಸೊಂಟ ಬಿಗಿ ಇರ್ತದೇನು?"

ಕಣ್ಣು ತೋರಿಸಲು ಬಂದವಳಿಗೆ ಸೊಂಟದ ಮಾತು! ಇವರಿಗೆ ಹೇಗೆ ತಿಳಿಯಿತು ಎಂದು ನನಗೆ ಅಳು ಬಂತು. ಮುಂಜಾನೆಯ ಮುದುಕಿಯನ್ನು ನಂಬಿದ ಮೊದಲ ಮನುಷ್ಯ ಅವರು. ಕಣ್ಣಿಗೂ ಬೆನ್ನಿಗೂ ಒಮ್ಮೊಮ್ಮೆ ಒಂದೇ ಬೇನೆ ಇರುತ್ತದೆ, ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರು.

ಅಲ್ಲಿನ ಕಾಯುವ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಸೊಂಟ ಹಿಡಿಯುತ್ತಿತ್ತು. ಎದ್ದು ತಿರುಗಾಡಿದರೆ ಕಾವಲಿನವನು, "ಏ ಬಾಯಿ, ಕೂಡ್ರಿ, ಇದೇನು ಬಾಜಾರ ಅದೇನು?" ಅನ್ನುತ್ತಿದ್ದ. ಜನವಾಡದಿಂದ ಬಂದ ಒಬ್ಬ ಮುದುಕಿ ನನ್ನ ಚೀಟಿ ಕಸಿದುಕೊಂಡು ತನ್ನ ಚೀಟಿಯ ಜೊತೆ ಇಟ್ಟುಕೊಂಡಳು. "ನೀ ತಿರಗವ್ವಾ. ನಿನ್ನ ಹೆಸರ ಕರದ್ರ ನಾ ಒದರ್ತೇನಿ. ಅಂವ ಬೈದ್ರ ನನಗ ಬೈಲಿ, ನನಗ ಕಿವಿ ಕೇಳ್ಸೂದಿಲ್ಲ." ಕಿವಿ ಕೇಳಿಸದಿದ್ದರೆ ನನ್ನ ಹೆಸರು ಕರೆದದ್ದು ಅವಳಿಗೆ ಹೇಗೆ ಕೇಳುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ಆ ದಿನ ಆ ಕೋಣೆಯಲ್ಲಿ ನಕ್ಕವರು ನಾವಿಬ್ಬರೇ.

ರಕ್ತ ಪರೀಕ್ಷೆ, ಬೆನ್ನಿನ ಫೋಟೊ ಎಲ್ಲ ಆಗಿ, ಮೂರನೇ ಸಲ ಹೋದಾಗ ಡಾಕ್ಟರು ರೋಗದ ಹೆಸರು ಹೇಳಿದರು. ಅವರು ಮೈಸೂರು ಕಡೆಯವರು. ಮನೆಯಲ್ಲಿ ಯಾರಿಗಾದರೂ ಬೆನ್ನು ಬಾಗಿತ್ತೇ ಎಂದು ಕೇಳಿದರು. ನನ್ನ ತವರು ಔರಾದ. ಅಲ್ಲಿ ನಮ್ಮಪ್ಪ ನಲವತ್ತೈದಕ್ಕೇ ನೆಲ ನೋಡುತ್ತ ನಡೆಯುತ್ತಿದ್ದ. ಓಣಿಯ ಹುಡುಗರು "ಕಾಕಾ, ಏನ್ ಕಳಕೊಂಡೀದಿ?" ಎಂದು ಚಾಳಿಸುತ್ತಿದ್ದರು. ನನ್ನ ಲಗ್ನದ ದಿನ ನನ್ನ ಮುಖ ನೋಡಲು ಅವನು ಒಂದು ಕಡೆ ವಾಲಿ, ಓರೆಯಾಗಿ ನಿಲ್ಲಬೇಕಾಯಿತು. ಅದು ಮುಪ್ಪು ಎಂದುಕೊಂಡಿದ್ದೆವು.

ಡಾಕ್ಟರು ನನ್ನನ್ನು ಗೋಡೆಗೆ ನಿಲ್ಲಿಸಿದರು. ಹಿಮ್ಮಡಿ ತಾಗಿತು, ಬೆನ್ನು ತಾಗಿತು. ತಲೆ ತಾಗಲಿಲ್ಲ. ಎಷ್ಟು ಹಿಂದಕ್ಕೆ ಒತ್ತಿದರೂ ತಾಗಲಿಲ್ಲ. ಯಜಮಾನರು ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಜೀವನವಿಡೀ ಗುಂಡು ಕಟ್ಟಿದ ದಾರ ಇಳಿಬಿಟ್ಟು ಗೋಡೆಯ ಸೊಟ್ಟ ಹುಡುಕಿದ ಮನುಷ್ಯ. ಮೆಲ್ಲಗೆ ಕೇಳಿದರು, "ಸರ, ನಾ ಅಳೀಲೇನ್ರಿ?" ನನ್ನ ತಲೆಯ ಹಿಂದೆ ಬೆರಳು ಇಟ್ಟರು. "ಎರಡು ಬಟ್ಟು ಹೋಗ್ತಾವರಿ."

"ಹೋದ ಎರಡು ವಾಪಸ್ ಬರೋದು ಕಷ್ಟ" ಅಂದರು ಡಾಕ್ಟರು. "ಮೂರಾಗದ ಹಾಗೆ ನೋಡ್ಕೊಳ್ಳಿ. ಮಾತ್ರೆ ನಾನು ಕೊಡ್ತೀನಿ, ಅದು ಅರ್ಧ ಕೆಲಸ. ಉಳಿದರ್ಧ ನೀವು ದಿನಾ ಮಾಡಬೇಕು. ಜಾಸ್ತಿ ಹೊತ್ತು ಕೂರಬಾರದು, ಮಲಗಿರಬಾರದು. ನಡೀಬೇಕು. ಈಜು ಬರುತ್ತಾ?"

"ಸರ, ನಮ್ಮೂರಾಗ ಎಮ್ಮಿ ಮೈ ತೊಳಿಲಾಕ ನೀರಿಲ್ರಿ" ಅಂದೆ.

ಅವರು ನಕ್ಕು, ಚೀಟಿಯ ಮೇಲೆ ಬರೆದಿದ್ದ ಈಜು ಎಂಬುದನ್ನು ಹೊಡೆದುಹಾಕಿದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೇಳಿದರು, "ಡಾಕ್ಟರ್ ಏನಂದ?"

"ಆರಾಮ ಮಾಡೂದು ಬ್ಯಾಡ ಅಂದಾರ ಅತ್ತಿ."

"ಅಯ್ಯ! ಆರಾಮ ಮಾಡೂದಿಲ್ಲಂದ್ರ ಅಂವ ಡಾಕ್ಟರ್ ಯಾಕ ಅದಾನ? ಬ್ಯಾರೇದವರ ಬಲ್ಲಿ ಹೋಗಮು ನಡಿ."

ಯಜಮಾನರು ಹೊಸ್ತಿಲ ಮೇಲೆ ಕೂತು, ನಗುತ್ತ ಬಿಡಿಸಿ ಹೇಳಿದರು. ಅತ್ತೆ ನಗಲಿಲ್ಲ. ಒಳಗೆ ಹೋಗಿ ಹೊರಸಿನ ಮೇಲಿನ ದಿಂಬು ಎರಡನ್ನೂ ಎತ್ತಿದರು. "ಹಂಗಾರ ನಾನೇ ಕೆಡಿಸಿದೆ ಅಂದಂಗಾತು" ಅಂದರು. ಅಲ್ಲ ಅತ್ತಿ, ಮಾತು ನಮ್ಮನ್ನು ಕೆಡಿಸಿತು ಎಂದು ನಾನು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ.

ಅಂದಿನಿಂದ ನಮ್ಮ ಮನೆಯ ರೀತಿಯೇ ಬದಲಾಯಿತು. ದಿಂಬು ಹೋಯಿತು, ಹೊರಸು ಹೋಯಿತು, ಗಟ್ಟಿ ನೆಲದ ಮೇಲೆ ಒಂದೇ ಚಾಪೆ. ಮುಂಜಾನೆ ಎದ್ದಕೂಡಲೆ ಬಿಸಿನೀರಿನ ಬಟ್ಟೆ, ಆಮೇಲೆ ಸಾಯಗಾಂವದಿಂದ ಡಾಂಬರು ರಸ್ತೆಯವರೆಗೆ ನಡಿಗೆ. ರೊಟ್ಟಿಯನ್ನು ಕಟ್ಟೆಯ ಮುಂದೆ ನಿಂತು ಬಡಿಯುವುದು. ಅದಕ್ಕಾಗಿ ಯಜಮಾನರು ಒಲೆಯನ್ನು ನನ್ನ ಸೊಂಟದೆತ್ತರಕ್ಕೆ ಏರಿಸಿ ಕಟ್ಟಿದರು. ಉಂಡ ಒಂದೆರಡು ತಾಸಿನ ಮೇಲೆ ಕಾಲುಗಂಟೆ ಬೋರಲು ಮಲಗುವುದು. ಎದೆ ತುಂಬ ಉಸಿರು ತೆಗೆದುಕೊಳ್ಳುವುದು. ಅವರು ತಮ್ಮ ದಾರವನ್ನು ನನ್ನ ಎದೆಗೆ ಸುತ್ತಿ, ಉಸಿರು ಎಳೆದಾಗ ಎಷ್ಟು ಹಿಗ್ಗಿತು ಎಂದು ಗಂಟು ಹಾಕಿ ನೋಡುತ್ತಿದ್ದರು. ಹೊಗೆ ಈ ರೋಗಕ್ಕೆ ಕೆಟ್ಟದ್ದು ಎಂದು ಡಾಕ್ಟರು ಹೇಳಿದ ದಿನವೇ ಯಜಮಾನರು ತಮ್ಮ ಬೀಡಿಯ ಕಟ್ಟನ್ನು ಒಲೆಗೆ ಹಾಕಿದರು. ಒಂದು ತಿಂಗಳು ಎಲ್ಲರ ಮೇಲೂ ಸಿಡುಕಿದರು, ಆದರೆ ಮತ್ತೆ ಸೇದಲಿಲ್ಲ. ಔರಾದಿಗೆ ಬಸ್ಸಿನಲ್ಲಿ ಹೋದರೆ ಸೀಟು ಖಾಲಿಯಿದ್ದರೂ ನಡುನಡುವೆ ಎದ್ದು ನಿಲ್ಲುತ್ತಿದ್ದೆ. "ಕೂಡ್ಲಾಕ ಬ್ಯಾರೆ ರೊಕ್ಕ ಕೇಳೂದಿಲ್ಲರಿ ಅಕ್ಕಾ" ಎಂದು ಕಂಡಕ್ಟರು ಹಾಸ್ಯ ಮಾಡುತ್ತಿದ್ದ.

ಸೋಮವಾರ ಪೂಜೆಯಾದ ಮೇಲೆ ಪಡಸಾಲೆಯ ಗೋಡೆಗೆ ನಿಲ್ಲುವುದು, ಅವರು ಬೆರಳಿಟ್ಟು ನೋಡುವುದು. "ಎರಡು." ಇಷ್ಟೇ ಮಾತು. ಮುಂದಿನ ಸೋಮವಾರ, "ಎರಡು." ಬರ ಹೋಗಿ ಮಳೆ ಬಂತು, ಬಾವಿ ತುಂಬಿತು, ಗೌಂಡಿಗೆ ಕೆಲಸ ಬಂತು. ಎರಡು ಎರಡಾಗಿಯೇ ಉಳಿಯಿತು. ನೋವು ಹೋಗಲಿಲ್ಲ. ಕೆಲವು ವಾರ ಬೆನ್ನು ಬೆಂಕಿಯಾಗುತ್ತದೆ, ಗುಳಿಗೆ ಹೆಚ್ಚಿಸಬೇಕಾಗುತ್ತದೆ. ಆದರೆ ನಾನು ಎದುರಿಗೆ ಬಂದವರ ಮುಖ ನೋಡಿ ಮಾತಾಡುತ್ತೇನೆ. ನಮ್ಮಪ್ಪನಿಗೆ ಅದು ದಕ್ಕಲಿಲ್ಲ.

ಹೋದ ವರ್ಷ ನೌಬಾದದಲ್ಲಿ ಒಂದು ಮನೆಯ ಕೆಲಸಕ್ಕೆ ಹೋದ ಅವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತರಂತೆ. ಜರಾ ಕೂತು ಏಳುತ್ತೇನೆ ಅಂದರಂತೆ. ಏಳಲಿಲ್ಲ. ಆ ಗೋಡೆಯ ಗಿಲಾವು ಇನ್ನೂ ಮುಗಿದಿರಲಿಲ್ಲ, ಅವರ ಸಹಿ ಅದರ ಮೇಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸದೆ ಕೂಡಿಸಿ ಮಣ್ಣು ಮಾಡುತ್ತಾರೆ. ಅವರನ್ನೂ ಹಾಗೆಯೇ ಕೂಡಿಸಿದರು. ಮನೆಗೆ ಬಂದು ನನ್ನನ್ನೂ ಕೂಡಿಸಿದರು. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ, ಬಂದವರು ಬಂದು ಕುತ್ತಿಗೆಗೆ ಬಿದ್ದು ಅಳಲು. ನಮ್ಮಲ್ಲಿ ಸೂತಕವಿಲ್ಲ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಗಂಡ ಸತ್ತವಳಿಗೆ ಮೂಲೆ ಇದ್ದೇ ಇದೆ. ಯಜಮಾನರ ದೊಡ್ಡವ್ವ ಗುಂಡಮ್ಮ ನನ್ನ ಪಕ್ಕವೇ ಕೂತು ನಿಗಾ ಇಟ್ಟಿದ್ದರು. "ತಿಂಗಳು ತುಂಬೂ ತನಕ ಹೊಸ್ತಿಲ ದಾಟಬ್ಯಾಡ. ಕೂಡು, ಆರಾಮ ಮಾಡು."

ಮತ್ತೆ ಅದೇ ಮಾತು.

ನಾಲ್ಕು ದಿನ ಕೂತೆ. ದುಃಖಕ್ಕೆ ಮೈಯ ಪರಿವೆ ಇರಲಿಲ್ಲ. ಗುಳಿಗೆ ಮರೆತೆ, ನಡಿಗೆ ಮರೆತೆ. ಐದನೇ ದಿನ ಬೆಳಗಿನ ಜಾವ ಏಳಲು ಹೋದರೆ ಸೊಂಟದಿಂದ ಕುತ್ತಿಗೆಯ ತನಕ ಒಂದೇ ಕಂಬ. ಗೋಡೆ ಹಿಡಿದು ಎದ್ದೆ, ಅದೇ ಗೋಡೆಗೆ ಬೆನ್ನು ಹಚ್ಚಿ ನಿಂತೆ. ತಲೆ ಹಿಂದಕ್ಕೆ ಒತ್ತಿದೆ. ಗೋಡೆ ಎಲ್ಲೋ ದೂರದಲ್ಲಿತ್ತು. ಎಷ್ಟು ದೂರ? ಅಳೆಯುವವರು ಇರಲಿಲ್ಲ. ಆಗ ನಾನು ಅತ್ತ ಅಳು, ನಾಲ್ಕು ದಿನ ಎಲ್ಲರೆದುರು ಅತ್ತದ್ದಕ್ಕಿಂತ ಬೇರೆ.

ಮುಖ ತೊಳೆದು, ಗುಳಿಗೆ ನುಂಗಿ, ಚಪ್ಪಲಿ ಮೆಟ್ಟಿ ಹೊರಟೆ. ಡಾಂಬರು ರಸ್ತೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಬೆಳಕಾಗಿತ್ತು, ಊರಿಗೆಲ್ಲ ಸುದ್ದಿಯಾಗಿತ್ತು. ಗುಂಡಮ್ಮ ಅಂಗಳದಲ್ಲಿ ನಿಂತಿದ್ದರು.

"ಗಂಡ ಸತ್ತು ಐದ್ ದಿನ ಆಗಿಲ್ಲ, ಹವಾ ತಿನ್ಲಾಕ ಹೋಗಿದ್ದಿ ಏನು?"

"ನಡಿಲಾಕ ಹೋಗಿದ್ದೆ ದೊಡ್ಡತ್ತಿ."

"ಮಂದಿ ಏನಂತಾರ? ಹಿಂತಾದು ನಮ್ಮ ಮನ್ಯಾಗ ಯಾರ್ ಮಾಡ್ಯಾರ? ನಿನಗ ಅವನ ಮ್ಯಾಲ ಜೀವ ಇತ್ತೋ ಇಲ್ಲೋ?"

ನಾನು ದೊಡ್ಡವರಿಗೆ ಎದುರು ಮಾತಾಡಿದವಳಲ್ಲ. ಆ ದಿನ ಮಾತು ತಾನೇ ಬಂತು.

"ನಮ್ಮಾಗ ಕೂಡ್ಸೂದು ಸತ್ತವರಿಗಿ ದೊಡ್ಡತ್ತಿ. ನಾ ಇನ್ನಾ ಸತ್ತಿಲ್ಲ."

ಗುಂಡಮ್ಮ ಅತ್ತೆಯ ಕಡೆ ತಿರುಗಿದರು, "ಕೇಳಿದೇನು ಕಾಶಮ್ಮ, ನಿನ್ನ ಸೊಸಿ ಮಾತು?" ಅತ್ತೆ ನನ್ನನ್ನು ನೋಡದೆ ಒಳಗೆ ಹೋದರು. ಮಗ ಸತ್ತ ತಾಯಿಯ ಎದುರು ಅಂಥ ಮಾತು ಆಡಿದೆನಲ್ಲ ಎಂದು ದಿನವಿಡೀ ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಗಿನ ಜಾವ ಎದ್ದು ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ತಡೆಯಲು ನಿಂತಿದ್ದಾರೆ ಅಂದುಕೊಂಡೆ. ತಡೆದರೂ ಹೋಗುವುದು ಎಂದು ಗಟ್ಟಿ ಮನಸ್ಸು ಮಾಡಿದೆ. ಆಮೇಲೆ ಅವರ ಕಾಲು ನೋಡಿದೆ. ಚಪ್ಪಲಿ ಮೆಟ್ಟಿದ್ದರು.

"ಒಬ್ಬಾಕೀನೇ ಹೋದ್ರ ಮಂದಿ ನಿನಗೊಬ್ಬಾಕಿಗೇ ಬೈತಾರ" ಅಂದರು. "ಜೋಡಿ ಹೋದ್ರ ಅರ್ಧ ನನಗ ಬೈಲಿ. ನನ್ನ ಮಗ ಜರಾ ಕೂಡ್ತೇನಿ ಅಂದಂವ ಏಳ್ಲಿಲ್ಲ. ನೀ ಕೂಡಬ್ಯಾಡ. ನಡಿ."

ಮಂದಿ ಬೈದರು. ಕೆಲವರು ಇನ್ನೂ ಬೈಯುತ್ತಾರೆ. ಅತ್ತೆ ಯಾರಿಗೂ ಉತ್ತರ ಕೊಡುವುದಿಲ್ಲ, ನನ್ನ ಮುಂದೆ ಮುಂದೆ ನಡೆಯುತ್ತಾರೆ. ಒಂದು ದಿನ ಯಾರೋ "ಈ ವಯಸ್ಸಿನಾಗ ಎಲ್ಲಿಗಿ ಹೊಂಟೀರಿ?" ಅಂದಾಗ ಮಾತ್ರ, "ಆರಾಮ ಮಾಡ್ಲಾಕ" ಅಂದರು.

ತಿಂಗಳು ತುಂಬಿದ ಮೇಲಿನ ಸೋಮವಾರ ಪೂಜೆ ಮುಗಿಸಿ ನಾನು ಗೋಡೆಯ ಮುಂದೆ ನಿಂತೆ. ಆ ಐದನೇ ದಿನದ ಮೇಲೆ ಮತ್ತೆ ನಿಲ್ಲಲು ಧೈರ್ಯವಾಗಿರಲಿಲ್ಲ. ಅತ್ತೆಗೆ ಹೇಳಿದೆ, "ಬಟ್ಟಿಟ್ಟು ನೋಡ್ರಿ." ಅವರು ವಿಭೂತಿಯ ಕೈ ಸೆರಗಿಗೆ ಒರೆಸಿ, ಹಿಂದೆ ಬೆರಳು ಇಟ್ಟರು.

"ಮೂರು" ಅಂದರು.

ಇಷ್ಟು ವರ್ಷ ಇಬ್ಬರೂ ಸೇರಿ ಕಾಯ್ದದ್ದು ನಾಲ್ಕು ದಿನದಲ್ಲಿ ಹೋಯಿತೇ ಅನ್ನಿಸಿತು. ಅತ್ತೆ ತಮ್ಮ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಒಣಗಿದ ಸಣ್ಣ ಬೆರಳುಗಳು.

"ತಡಿ, ತಡಿ. ಅವನ ಬಟ್ಟು ಹ್ಯಾಂಗಿದ್ದವು? ಇಟ್ಟಂಗಿ ಹಿಡಿದು ಹಿಡಿದು ದಪ್ಪ ಆಗಿದ್ದವಲ್ಲ."

ಕೊಡ ಸರಿಸಿ, ಮೊಣಕಾಲು ಊರಿ ಗೋಡೆಯ ಬುಡಕ್ಕೆ ಬಾಗಿದರು. ಯಜಮಾನರ ಸಹಿ ಇತ್ತಲ್ಲ, ಅದರಲ್ಲಿ ತಮ್ಮ ಮೂರು ಬೆರಳುಗಳನ್ನು ಜೋಡಿಸಿ ಇಟ್ಟರು. ಮಗನ ಎರಡು ಬೆರಳಿನ ಗುಳಿಯಲ್ಲಿ ತಾಯಿಯ ಮೂರು ಬೆರಳು ಸಂದಿಲ್ಲದೆ ಕೂತವು.

ಅತ್ತೆ ಕೈ ತೆಗೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು, "ಅಷ್ಟೇ ಅದ ಸುವರ್ಣಾ. ಎರಡೇ ಅದ."